ಬಾಯಿ ಮುಚ್ಚಿದ ತಾಯಿ

ದಾವಣಗೆರೆ
ಶುಕ್ರವಾರ, ೧೧-೮-೧೯೬೧

ಚಿ|| ಸೌ|| ಹಂಪವ್ವನಿಗೆ ನಿನ್ನಪ್ಪನ ಆಶೀರ್ವಾದಗಳು.

ಇಪ್ಪತ್ತು ದಿನದಿಂದ ನಿನ್ನ ಕಾಗದವಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಡ, ಕಳಿಸಲು ನಿಮ್ಮತ್ತೆಗೆ ಮನಸ್ಸಿಲ್ಲ, ಇಲ್ಲಿ ಬಾಣಂತನಕ್ಕೆ ಹೆಣ್ಣುದಿಕ್ಕೂ ಇಲ್ಲ ಎಂದು ಬರೆದವನು ನಾನೇ. ಮುನಿಸಿಕೊಂಡಿದ್ದೀಯ, ಗೊತ್ತು. ಇರಲಿ, ಮೊದಲು ಮೀನಿನ ಸಮಾಚಾರ.

ನಿಮ್ಮ ಹರಿಹರದ ಹಯಾತ್ ಸಾಬ್ ಬಿಸ್ಕತ್ತಿನ ಡಬ್ಬಿಯಲ್ಲಿ ತಂದುಕೊಟ್ಟ ಜಿಲೇಬಿ ಮೀನಿನ ಜೋಡಿ ನೆನಪಿದೆಯಲ್ಲ? ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಒಂದೂ ಇಲ್ಲ! ತಾಯಿಯೇ ನುಂಗಿತು ಎಂದುಕೊಂಡೆ. ಅಂದಿನಿಂದ ಅದು ಏನು ಹಾಕಿದರೂ ಬಾಯಿ ತೆರೆಯದೆ ಮೂಲೆ ಹಿಡಿಯಿತು. ಸಾಬರು ಮೀನಿನ ಜೊತೆ ಕೊಟ್ಟಿದ್ದ ಇಂಗ್ಲಿಷ್ ಚೀಟಿ ಹುಡುಕಿ ತೆಗೆದೆ. ‘ದಿ ಮದರ್ ಬ್ರೂಡ್ಸ್’ ಎಂದಿತ್ತು. ಬ್ರೂಡ್ ಎಂದರೆ ಕೊರಗುವುದು. ಇಂಟರ್‌ಮೀಡಿಯೆಟ್ಟಿನಲ್ಲಿ ಓದಿದ್ದರಲ್ಲಿ ಉಳಿದದ್ದು ಅಷ್ಟೇ. ಮಕ್ಕಳನ್ನು ತಿಂದು ಈಗ ಕೊರಗುತ್ತೀಯಾ ಪಾಪಿ ಎಂದು ದಿನಾ ಬೈದೆ.

(ಎದ್ದು ತೊಟ್ಟಿ ನೋಡಿ ಬಂದೆ. ಇದು ನಾಲ್ಕನೇ ಸಲ. ಗಂಡುಮೀನನ್ನು ಬೇರೆ ಬೋಗುಣಿಗೆ ಹಾಕಿದ್ದೇನೆ.)

ನಿನ್ನೆಗೆ ಹನ್ನೊಂದು ದಿನ. ತಡೆಯಲಾರದೆ ಅದನ್ನು ಹಿಡಿದು ಬಾಯಿಗೆ ನುಚ್ಚು ತುರುಕಲು ಹೊರಟೆ. ಪಕ್ಕದ ಮನೆಯ ಸೂಲಗಿತ್ತಿ ಮಾಬೂಬೀ ಮಜ್ಜಿಗೆಗೆಂದು ಬಂದವಳು, “ಅಯ್ಯ, ಬಿಡ್ರಿ ಅಣ್ಣಾರೆ! ಅದರ ಬಾಯಾಗ ಏನೋ ಐತ್ರಿ!” ಎಂದು ಕೂಗಿದಳು. ಗಾಬರಿಯಲ್ಲಿ ಅದನ್ನು ನೀರಿಗೆ ಬಿಟ್ಟೆ. ಅದರ ಬಾಯಿಂದ ಸಾಸಿವೆಕಾಳಿನಂಥ ಮರಿಗಳು ಬುಳುಬುಳು ಹೊರಬಂದವು. ನಾನು ಹಿಂದೆ ಸರಿದದ್ದೇ ತಡ, ಎಲ್ಲವೂ ಮರಳಿ ಬಾಯೊಳಗೆ. ನಿಘಂಟು ತೆಗೆದು ನೋಡಿದೆ. ಬ್ರೂಡ್ ಎಂದರೆ ಕಾವು ಕೊಟ್ಟು ಮರಿ ಕಾಯುವುದು. ಅದೇ ಮೊದಲ ಅರ್ಥ.

ಮಾಬೂಬೀ ಸೆರಗು ಬಾಯಿಗಿಟ್ಟು ನಕ್ಕಳು. “ಕಾಲೇಜು ಓದಿ ಬಾಣಂತೀನ ಬೈಯೋದು ಕಲ್ತೀರೇನ್ರಿ? ಹಂಪಿನ ಕರ್ಕೊಂಡ್ ಬರ್ರಿ, ಬಾಣಂತನ ನಾ ಮಾಡ್ತೀನಿ. ನೀವು ನಡುವೆ ಕೈ ಹಾಕಬ್ಯಾಡ್ರಿ, ಅಷ್ಟೇ.”

ಬಾ ತಾಯಿ. ಭಾನುವಾರ ಕರೆದುಕೊಂಡು ಬರಲು ನಾನೇ ಹರಿಹರಕ್ಕೆ ಬರುತ್ತೇನೆ.

ಇಂತಿ ನಿನ್ನ ಅಪ್ಪ
ಗುತ್ತೆಪ್ಪ

ತಾ.ಕ.: ನಿಮ್ಮತ್ತೆ ಬೇಡವೆಂದದ್ದು ಸುಳ್ಳು. ಕುಬುಸದ ಶಾಸ್ತ್ರ ಮುಗಿದೊಡನೆ ಕಳಿಸುತ್ತೇವೆ ಎಂದೇ ಅವರು ಬರೆದಿದ್ದರು. ಬೇಡ, ಅಲ್ಲೇ ಇರಲಿ ಎಂದು ನಾನೇ ಕೇಳಿಕೊಂಡೆ. ಹಳೇ ಸಾಮಾನಿದೆ ಎಂದು ನಿನಗೆ ಹೇಳುತ್ತಿದ್ದ ಕೋಣೆಯಲ್ಲಿ ಸಾಮಾನೇನೂ ಇಲ್ಲ. ನಿನ್ನನ್ನು ಹೆತ್ತು ನಿನ್ನವ್ವ ಕಣ್ಣು ಮುಚ್ಚಿದ್ದು ಅಲ್ಲಿ. ಇಪ್ಪತ್ತೊಂದು ವರ್ಷದ ಬೀಗ ಇವತ್ತು ತೆಗೆಸಿ ಸುಣ್ಣ ಹೊಡೆಸಿದೆ. ಒಣಗಲು ಎರಡು ದಿನ ಬೇಕು, ಅದಕ್ಕೇ ಭಾನುವಾರ ಎಂದೆ.