ಬೇಕರಿ ಬಾಗಿಲಿನ ಗಂಟೆ

ನಂದಿದುರ್ಗ ಲೈನು, ಕೆ.ಜಿ.ಎಫ್.
ಬುಧವಾರ, ೧೨ ನವೆಂಬರ್ ೨೦೨೫

ನನ್ನ ಕಂದ ನರೇಶನಿಗೆ,

ನಿನ್ನ ಅಮ್ಮನ ಆಶೀರ್ವಾದ. ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಊರಿಗೆಲ್ಲ ಬೇಯಿಸಿ ಹಾಕುವವರು ತಾವು ಮಾತ್ರ ನಿಂತುಕೊಂಡೇ ಎರಡು ತುತ್ತು ನುಂಗಿ ಕೈ ತೊಳೆಯುತ್ತಾರಂತೆ, ಹಾಗೆ ಮಾಡಬೇಡ. ಗೋವಾದಲ್ಲಿ ಸೆಕೆ ಜಾಸ್ತಿ ಅಂತ ನಿನ್ನ ತಂಗಿ ಹೇಳುತ್ತಾಳೆ. ಒಲೆ ಮುಂದೆ ನಿಲ್ಲುವವನು ನೀನು, ಮಜ್ಜಿಗೆ ಕುಡಿ. ಕೈಗೆ ಎಣ್ಣೆ ಹಾರಿದ್ದ ಗಾಯ ಮಾಯಿತಾ? ಮಂಡಿ ನೋವು ಬಿಟ್ಟರೆ ನಾನು ಗಟ್ಟಿಯಾಗೇ ಇದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತುವುದಿಲ್ಲ ಅಂತ ಗೊತ್ತಿದ್ದೂ ದಿನಾ ಮಾಡುತ್ತೇನೆ, ನಾಚಿಕೆ ಬಿಟ್ಟವಳು. ಅದಕ್ಕೇ ಸುಮಿತಾಳ ಕೈಲಿ ನಿನ್ನ ಹೋಟೆಲಿನ ವಿಳಾಸ ಹುಡುಕಿಸಿ ಈ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಪೂರ್ತಿ ಓದಿ ಆಮೇಲೆ ಹರಿ.

ನಿಮ್ಮಪ್ಪನ ವಿಷಯ ಎತ್ತಬೇಡ ಅಂದಿದ್ದೆ ನೀನು. ಬರೆಯದೆ ಇನ್ನೇನು ಬರೆಯಲಿ? ಎದೆಯೊಳಗೆ ಕೂತ ಗಣಿಯ ಕಲ್ಲುಪುಡಿ ಈಗ ಪೂರ್ತಿ ಗಟ್ಟಿಯಾಗಿದೆಯಂತೆ. ಕೋಲಾರದ ಡಾಕ್ಟರು ಸುಮಿತಾಳನ್ನು ಹೊರಗೆ ಕರೆದು, ಸಂಕ್ರಾಂತಿ ಕಾಣುವುದು ಕಷ್ಟ ಅಂದರು. ನನಗೆ ಹೇಳಬಾರದು ಅಂತಿದ್ದಳು, ಬಸ್ಸಿನಲ್ಲಿ ಅವಳು ಕಿಟಕಿ ಕಡೆ ತಿರುಗಿ ಕೂತಿದ್ದರಲ್ಲೇ ನನಗೆ ಗೊತ್ತಾಯಿತು. ಮಂಚದಿಂದ ಬಾಗಿಲಿಗೆ ಬರುವಷ್ಟರಲ್ಲಿ ನಿಮ್ಮಪ್ಪ, ಕುಪ್ಪುಸ್ವಾಮಿ ಅನ್ನುವ ಆ ದೊಡ್ಡ ಆಳು, ಗೋಡೆ ಹಿಡಿದುಕೊಂಡು ನಿಲ್ಲುತ್ತಾರೆ. ಗಂಜಿ ಕೊಟ್ಟರೆ ಎರಡು ಚಮಚ, ಮುದ್ದೆ ಕೊಟ್ಟರೆ ಮುರಿಯುವುದೇ ಇಲ್ಲ. ಬೈದೆ, ಬೇಡಿಕೊಂಡೆ, ಮಾರಿಯಮ್ಮನಿಗೆ ಹರಕೆ ಹೊತ್ತೆ. ಏನೂ ಇಳಿಯಲಿಲ್ಲ ಮಗನೇ.

ಅವತ್ತು ನೀನು ನನ್ನ ಅಡುಗೆಮನೆಯಲ್ಲಿ ನಿಂತು ಆ ಪಾಸ್ತಾ ಮಾಡಿದ್ದನ್ನು ನಾನು ಮರೆತಿಲ್ಲ. ಬೆಳಗ್ಗೆಯಿಂದ ಟೊಮೆಟೊ ಕುದಿಸಿ ಮನೆಯೆಲ್ಲ ಘಮ್ ಅನ್ನಿಸಿದ್ದೆ. ಅಪ್ಪ ತಟ್ಟೆ ನೋಡಿ, "ನೆಲದೊಳಗೆ ಸತ್ತು ಸತ್ತು ಕೂಡಿಟ್ಟ ಕಾಸಲ್ಲಿ ಓದಿಸಿದ್ದು ನೀನು ಸೌಟು ಇಡಿಯಾಕಾ?" ಅಂದು ಅದನ್ನು ಹಿತ್ತಲ ನಾಯಿಗೆ ಸುರಿದರು. ನೀನು ಪಾತ್ರೆಯೆಲ್ಲ ತೊಳೆದು, ಬೋರಲು ಹಾಕಿ, ಚೀಲ ಎತ್ತಿಕೊಂಡು ಹೋದೆ. ಜಗಳವಾಡಿ ಹೋಗಿದ್ದರೆ ಚೆನ್ನಾಗಿತ್ತು ಅಂತ ಎಷ್ಟು ಸಲ ಅಂದುಕೊಂಡೆನೋ.

ಈಗ ಕೇಳು. ನಮ್ಮ ಲೈನಿನ ಸಾಲುಮನೆಗಳ ಆ ತುದಿಯಲ್ಲಿ ಬಾಗಿಲು ಮುಚ್ಚಿದ ಹಳೇ ಬೇಕರಿ ಇತ್ತಲ್ಲ, ಸೌದೆ ಒಲೆಯದ್ದು, ಅದನ್ನು ಬಂಗಾರಪೇಟೆ ವೆಂಕಟೇಶಪ್ಪನವರ ಮಗಳು ಲಿಖಿತ ಒಂದೇ ಒಂದು ತಿಂಗಳಿಗೆ ಬಾಡಿಗೆ ಹಿಡಿದಿದ್ದಾಳೆ. ಭಾನುವಾರ ಮಾತ್ರ ಇಟಲಿ ಊಟ. ಅಯ್ಯೋ, ಅದರ ವೇಷ ನೋಡಬೇಕು ನೀನು! ಗಣಿಯ ಹೆಲ್ಮೆಟ್ಟುಗಳನ್ನು ಬೋರಲು ಹಾಕಿ ದೀಪ ಕಟ್ಟಿದ್ದಾಳೆ. ಕೂರಲು ರೈಲ್ವೆ ಬೆಂಚು. ಏನು ಬೇಕು ಅಂತ ಕೇಳುವಂತಿಲ್ಲ, ಅವಳು ಕೊಟ್ಟಿದ್ದನ್ನು ತಿನ್ನಬೇಕು. ರಾಗಿ ಹಿಟ್ಟಲ್ಲಿ ಶಾವಿಗೆ ಥರ ಹೊಸೆದು ದಂಟಿನ ಸೊಪ್ಪು ಹಾಕುತ್ತಾಳಂತೆ. ಬಂಗಾರಪೇಟೆಯವಳು ಪಾನಿಪೂರಿ ಅಂಗಡಿ ಇಡುವುದು ಬಿಟ್ಟು ಇದೇನು ಹುಚ್ಚು ಅಂತ ನಾನೇ ಆಡಿಕೊಂಡಿದ್ದೆ. ಮೊದಲನೇ ಭಾನುವಾರ ನಿಮ್ಮಪ್ಪ ಮಂಚದ ಮೇಲೆ ಎದ್ದು ಕೂತು, "ರಾಧಾ, ಶರ್ಟು ಕೊಡು, ಓಗೋಣ" ಅಂದರು. ಎಲ್ಲಿಗೆ ಅಂದೆ. "ಅದೇ, ಅವನು ಮಾಡೋ ಊಟ ಮಾಡ್ತಾರಂತಲ್ಲ, ಅಲ್ಲಿಗೆ" ಅಂದರು. ಪೆಟ್ಟಿಗೆಯಿಂದ ಶರ್ಟು ತೆಗೆದುಕೊಟ್ಟೆ.

ಸೆಲ್ವರಾಜಣ್ಣ ತನ್ನ ಆಟೋದಲ್ಲಿ ಮೆಲ್ಲಗೆ ಕರೆದುಕೊಂಡು ಹೋದ. ಒಳಗೆ ನಮ್ಮ ಲೈನಿನ ಮುದುಕರೇ ತುಂಬಿದ್ದರು, ಸುಮ್ಮನೆ ನೋಡಲು ಬಂದವರು. ಅಡುಗೆಮನೆ ಬಾಗಿಲಿಗೆ ಪರದೆ, ಪರದೆ ಪಕ್ಕ ಒಂದು ಹಳೇ ಗಂಟೆ. ಗುಜರಿಯಲ್ಲಿ ಸಿಕ್ಕಿತಂತೆ, ಗಣಿ ಬಾಯಲ್ಲಿ ತೂಗುತ್ತಿದ್ದದ್ದು. ನೀನು ಕೂಸಾಗಿದ್ದಾಗಲೇ ಗಣಿ ಮುಚ್ಚಿದ್ದರಿಂದ ನಿನಗೆ ಇದು ತಿಳಿಯದು. ಗಣಿಯ ಕೊನೆಯ ವರ್ಷಗಳಲ್ಲಿ ನಿಮ್ಮಪ್ಪ ಆ ಗಂಟೆ ಹೊಡೆಯುವ ಕೆಲಸದಲ್ಲೇ ಇದ್ದರು. ಮೂರು ಸಲ ಹೊಡೆದರೆ ಗಣಿಯೊಳಕ್ಕೆ ಇಳಿಸಿ ಏರಿಸುವ ಕೇಜಿನಲ್ಲಿ ಆಳು ಹತ್ತಿದ್ದಾನೆ, ಹುಷಾರಾಗಿ ಎಳೆಯಿರಿ ಅಂತ. ಬಿಡದೆ ಹೊಡೆದರೆ ಕೆಳಗೆ ಯಾರಿಗೋ ಏಟಾಗಿದೆ ಅಂತ. ಆ ಹುಡುಗಿಗೆ ಇದೆಲ್ಲ ಏನು ಗೊತ್ತು ಪಾಪ! ಊಟ ರೆಡಿ ಅಂತ ಖುಷಿಯಲ್ಲಿ ಪರದೆ ಹಿಂದಿನಿಂದಲೇ ಹಗ್ಗ ಹಿಡಿದು ಟಣಟಣ ಟಣಟಣ ಅಂತ ಬಿಡದೆ ಬಾರಿಸಿಬಿಟ್ಟಳು.

ಅಲ್ಲಿದ್ದ ಮುದುಕರೆಲ್ಲ ಒಟ್ಟಿಗೆ ಎದ್ದು ನಿಂತರು ನರೇಶ. ಬೆಂಚು ಉರುಳಿತು. ಮುನಿಲಕ್ಷ್ಮಿ, ಗಂಡನನ್ನು ಆ ಗಣಿಗೆ ಕೊಟ್ಟವಳು, ಎದೆ ಹಿಡಿದುಕೊಂಡು ಕೂತುಬಿಟ್ಟಳು. ಮನೆಯಲ್ಲಿ ಬಾಗಿಲವರೆಗೆ ನಡೆಯಲಾರದ ನಿಮ್ಮಪ್ಪ ಓಡಿದರು. ಓಡಿದರು ಅಂತಲೇ ಬರೆಯುತ್ತಿದ್ದೇನೆ. "ನರೇಶಾ! ಲೇ ನರೇಶಾ!" ಅಂತ ಕೂಗುತ್ತಾ ಪರದೆ ಕಿತ್ತು ಒಳಗೆ ನುಗ್ಗಿದರು. ಅಷ್ಟು ವರ್ಷ ಎಷ್ಟೋ ಜನ ಆ ಗಣಿಗೆ ಇಳಿದರು, ಅವರ್ಯಾರ ಹೆಸರೂ ನಿಮ್ಮಪ್ಪನ ಬಾಯಿಗೆ ಬರಲಿಲ್ಲ. ಒಂದು ದಿನವೂ ಗಣಿಗೆ ಇಳಿಯದ ನಿನ್ನ ಹೆಸರು ಬಂತು. ಒಳಗೆ ಲಿಖಿತ ಸೌಟು ಹಿಡಿದು ನಿಂತಿದ್ದಳು. ಅವಳನ್ನು ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ಉಸಿರು ಹಿಡಿಯಲು ಎಷ್ಟು ಒದ್ದಾಡಿದರು ಅಂತ ನನ್ನ ಕೈಲಿ ಬರೆಯಲಾಗುವುದಿಲ್ಲ.

ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ತಟ್ಟೆ ಕೇಳಿದರು. ಫೋರ್ಕು ಪಕ್ಕಕ್ಕಿಟ್ಟು ಕೈಯಲ್ಲೇ, ಒಂದೊಂದೇ ಎಳೆ, ಒಂದೂ ಬಿಡದೆ ತಿಂದರು. ಅಷ್ಟು ದಿನ ಗಂಜಿ ನೂಕಿದ ಮನುಷ್ಯ! ತಟ್ಟೆ ಖಾಲಿಯಾದ ಮೇಲೆ ನನ್ನ ಮುಖ ನೋಡದೆ, "ಅವತ್ತೂ ಇಂಗೇ ಬಿಸಿಬಿಸಿ ಇತ್ತಾ?" ಅಂತ ಕೇಳಿದರು. ಇತ್ತು ಅಂದೆ. ಮುಂದಿನ ಭಾನುವಾರವೂ ಅಲ್ಲಿಗೇ ಹೋದೆವು, ಅಲ್ಲಿ ಮಾತ್ರ ತಿಂದರು. ಮನೆಗೆ ಬಂದರೆ ಮತ್ತೆ ಅದೇ ಎರಡು ಚಮಚ.

ಆ ಬೇಕರಿ ಇಪ್ಪತ್ತಮೂರನೇ ತಾರೀಕಿನ ಭಾನುವಾರಕ್ಕೆ ಮುಗಿಯುತ್ತದೆ. ಆಮೇಲೆ ಇವರು ಎಲ್ಲಿ ತಿನ್ನುತ್ತಾರೆ, ನಾನು ಏನು ಮಾಡಲಿ ಹೇಳು. ಅಪ್ಪನನ್ನು ಕ್ಷಮಿಸು ಅಂತ ನಾನು ಕೇಳುವುದಿಲ್ಲ, ಅದು ನಿನ್ನ ಹೊಟ್ಟೆಯ ಸಂಕಟ. ಬಂದು ಒಂದು ಸಲ ಬೇಯಿಸಿ ಹಾಕು ಅಂತ ಕೇಳುತ್ತೇನೆ. ಕಾಲು ಹಿಡಿದು ಕೇಳು ಅಂದರೂ ಕೇಳುತ್ತೇನೆ, ಹೆತ್ತವಳಿಗೆ ಅದೇನು ಅವಮಾನವಲ್ಲ. ಲಿಖಿತಳಿಗೂ ಹೇಳಿದ್ದೇನೆ. ಆ ಕೊನೇ ಭಾನುವಾರ ಒಲೆ ಅಣ್ಣನಿಗೇ ಬಿಟ್ಟುಕೊಡುತ್ತೇನೆ ಆಂಟಿ ಅಂದಳು, ಒಳ್ಳೇ ಹುಡುಗಿ.

ಸುಮಿತಾ ನಿನ್ನ ಮೇಲೆ ಕೋಪದಲ್ಲಿದ್ದಾಳೆ, ಆದರೂ ನೀನು ಬಿಟ್ಟುಹೋದ ಸ್ವೆಟರು ಒಗೆದು ಇಟ್ಟಿದ್ದಾಳೆ. ಸೆಲ್ವರಾಜಣ್ಣ ಕೇಳಿದೆ ಅಂತ ಹೇಳು ಅಂದ. ಮಾರಿಯಮ್ಮ ನಿನ್ನ ಕೈಯನ್ನೂ ಒಲೆಯನ್ನೂ ತಂಪಾಗಿಡಲಿ.

ನಿನ್ನ ದಾರಿ ನೋಡುವ ಅಮ್ಮ,
ರಾಧಾಮಣಿ

ತಾ.ಕ.: ಕವರು ಅಂಟಿಸುವ ಹೊತ್ತಿಗೆ ಅಪ್ಪ ಎದ್ದರು. ಯಾರಿಗೆ ಅಂದರು, ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, ಇಷ್ಟು ಬರಿ ಅಂದರು: "ಕೊನೇ ಭಾನುವಾರ ಗಂಟೆ ಅಗ್ಗ ಯಾರೂ ಮುಟ್ಟಬಾರ್ದು ಅಂತ ಆ ಉಡುಗೀಗೆ ಏಳಿವ್ನಿ. ಬರೋದು ಬಿಡೋದು ಅವನಿಷ್ಟ. ನಾನು ಅಗ್ಗ ಇಡ್ಕಂಡು ನಿಂತಿರ್ತೀನಿ. ಅವನು ಬಾಗ್ಲಾಗೆ ಕಂಡ್ರೆ ಮೂರು ಸಲ ಒಡಿತೀನಿ." ನಿನ್ನೆಯಿಂದ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಯಾಕೆ ಎಳೆಯುತ್ತಿದ್ದಾರೆ ಅಂತ ಈಗ ಗೊತ್ತಾಯಿತು. ಎರಡು ಸಲ ಎಳೆಯುವಷ್ಟರಲ್ಲಿ ಉಸಿರು ಮುಗಿಯುತ್ತದೆ. ಮೂರನೆಯದು ಇನ್ನೂ ಆಗಿಲ್ಲ. ಬೇಗ ಬಾ.