ಲಾಡಿ ಹೊರಗಿರಬೇಕಿತ್ತು

ಜಲಸಾಹಸ ಯೋಜನೆಯ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ನನ್ನ ತಂಗಿ ಮಾಲಿನಿ ಕೆಂಚಸಮುದ್ರದ ಕೆರೆಯಲ್ಲಿ ಸತ್ತದ್ದು ಅವಳ ‘ಸ್ವಯಂಕೃತ ನಿರ್ಲಕ್ಷ್ಯ’ದಿಂದ ಎಂದು ನಿಮ್ಮ ಕಚೇರಿ ವರದಿ ಬರೆದಿದೆ. ಅದು ಸುಳ್ಳು. ಬರುವ ತಿಂಗಳು ಅದೇ ಕೆರೆಯಲ್ಲಿ ಅದೇ ದೋಣಿಗಳನ್ನು ಮತ್ತೆ ಇಳಿಸುತ್ತೀರೆಂದು ಪತ್ರಿಕೆಯಲ್ಲಿ ಓದಿದೆ. ನಾನು ಕೊಟ್ಟ ಅರ್ಜಿಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರಿಗಿಂತ ಹೆಚ್ಚಿನ ಉತ್ತರ ಬಾರದ್ದರಿಂದ ಈಗ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ನಾನು ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಕಿಟಕಿಯ ಆಚೆ ನಿಂತವರ ಬೈಗುಳ ಕೇಳಿ ಕೇಳಿ ಅಭ್ಯಾಸವಾಗಿದೆ. ಇವತ್ತು ಆಚೆ ನಿಂತಿರುವವಳು ನಾನು. ನೀವು ಸ್ವಲ್ಪ ಕೇಳಿಸಿಕೊಳ್ಳಿ.

ಮೊದಲು ನಿಮ್ಮ ಭೂಗೋಳ ಜ್ಞಾನಕ್ಕೆ ದೊಡ್ಡದೊಂದು ನಮಸ್ಕಾರ. ನಮ್ಮ ಸೀಮೆಯಲ್ಲಿ ಸಮುದ್ರ ಎಂದರೆ ಕೆರೆ. ಹಳೇಬೀಡಿಗೇ ಒಂದು ಕಾಲದಲ್ಲಿ ದೋರಸಮುದ್ರ ಎಂಬ ಹೆಸರಿತ್ತು. ಕೆರೆ ಕಟ್ಟಿಸಿದವರು ಹೆಮ್ಮೆಗೆ ಸಮುದ್ರ ಎಂದರು, ನಾವು ಹಾಗೇ ಕರೆಯುತ್ತ ಬಂದೆವು. ಜಾವಗಲ್ ದಾಟಿ ಹಳೇಬೀಡಿನ ಕಡೆ ಹೋಗುವಾಗ ಸಿಗುವ ಕೆಂಚಸಮುದ್ರದಲ್ಲಿ ದೊಡ್ಡ ಅಲೆ ಎಂದರೆ ಎಮ್ಮೆ ನೀರಿಗಿಳಿದಾಗ ಏಳುವ ಅಲೆ. ಮಳೆ ಕೈಕೊಟ್ಟ ವರ್ಷ ಅದರ ಅಂಗಳದಲ್ಲಿ ಕ್ರಿಕೆಟ್ ಆಡುತ್ತಾರೆ. ದೂರದ ನಿಮ್ಮ ಕಟ್ಟಡದಲ್ಲಿ ಕೂತವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಊರುಗಳ ಹೆಸರು ಓದುತ್ತ ಬಂದಿರಿ, ‘ಸಮುದ್ರ’ ಎಂಬುದು ಕಣ್ಣಿಗೆ ಬಿತ್ತು, ಸಮುದ್ರಕ್ಕೆ ಸಮುದ್ರದ ದೋಣಿಯನ್ನೇ ಮಂಜೂರು ಮಾಡಿದಿರಿ. ದೋಣಿಗಳು ಲಾರಿಯಿಂದ ಇಳಿದ ದಿನ ನಾನೂ ಮಾಲಿನಿಯೂ ನೋಡಲು ಹೋಗಿದ್ದೆವು. ಕೆರೆಗೆ ಇಷ್ಟು ಉದ್ದದ ದೋಣಿ ಯಾಕೆ ಎಂದು ನಿಮ್ಮ ಸಿಬ್ಬಂದಿಯನ್ನು ಕೇಳಿದರೆ, “ಹೆಸರಲ್ಲೇ ಸಮುದ್ರ ಐತಲ್ಲ ಮೇಡಂ, ಅದ್ಕೇ ಮೇಲಿಂದ ಕಡಲ್ ದೋಣಿನೇ ಕಳ್ಸವ್ರೆ” ಎಂದರು. ಅವತ್ತು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈ ದೋಣಿಯ ಬಗ್ಗೆ ಓದುಗರಿಗೆ ಎರಡು ಮಾತು ನಾನೇ ಹೇಳಬೇಕು, ಏಕೆಂದರೆ ನೀವು ಯಾರಿಗೂ ಹೇಳಲಿಲ್ಲ. ಕಡಲ ಕಯಾಕ್ ಎಂದರೆ ತೆಪ್ಪದ ಹಾಗೆ ಆರಾಮಾಗಿ ಕೂರುವ ವಸ್ತುವಲ್ಲ. ಎತ್ತಿನ ಗಾಡಿಗಿಂತ ಉದ್ದ, ಅಗಲ ಮಾತ್ರ ಒಂದು ಕುರ್ಚಿಯಷ್ಟು. ಮೇಲೆಲ್ಲ ಮುಚ್ಚಿರುತ್ತದೆ, ನಡುವೆ ಒಂದು ಕಂಡಿ. ಆ ಕಂಡಿಯೊಳಗೆ ಸೊಂಟದವರೆಗೆ ಇಳಿದು, ಕಾಲುಗಳನ್ನು ಮುಂದಕ್ಕೆ ತೂರಿಸಿ ಕೂರಬೇಕು. ಅಲೆಯ ನೀರು ಒಳಗೆ ನುಗ್ಗದಿರಲೆಂದು ಸೊಂಟಕ್ಕೆ ರಬ್ಬರಿನಂಥ ದಪ್ಪ ಬಟ್ಟೆಯೊಂದನ್ನು ತೊಟ್ಟು, ಅದರ ಅಂಚನ್ನು ಕಂಡಿಯ ಸುತ್ತ ಎಳೆದು ಬಿಗಿಯುತ್ತಾರೆ. ಇಂಗ್ಲಿಷಿನಲ್ಲಿ ಅದರ ಹೆಸರು ಸ್ಪ್ರೇ ಸ್ಕರ್ಟ್. ಬಿಗಿದ ಮೇಲೆ ಕೂತವರೂ ದೋಣಿಯೂ ಒಂದೇ. ಮಗುಚಿದರೆ ದೋಣಿ ಮೇಲೆ, ತಲೆ ಕೆಳಗೆ. ಆಗ ಹೊರಬರಲೆಂದೇ ಆ ಬಟ್ಟೆಯ ಮುಂಭಾಗದಲ್ಲಿ ಒಂದು ಪಟ್ಟಿಯ ಕುಣಿಕೆ ಹೊಲಿದಿರುತ್ತಾರೆ. ಅದನ್ನು ಹಿಡಿದೆಳೆದರೆ ಬಟ್ಟೆ ಬಿಟ್ಟುಕೊಳ್ಳುತ್ತದೆ, ಒಳಗಿದ್ದವರು ಈಚೆ ಬರುತ್ತಾರೆ. ಅದು ಯಾವಾಗಲೂ ಹೊರಗೆ, ಕೈಗೆ ಸಿಗುವಂತೆ ಇರಬೇಕು. ಅಲೆಯೇ ಇಲ್ಲದ ನಮ್ಮ ಕೆರೆಯಲ್ಲಿ ಆ ಬಟ್ಟೆಯೇ ಬೇಕಿರಲಿಲ್ಲ ಎಂಬುದು ಬೇರೆ ಮಾತು. ದೋಣಿಯ ಜೊತೆ ಬಂದಿದೆ, ಬಂದ ಮೇಲೆ ತೊಡಿಸಬೇಕು ಎಂಬುದು ನಿಮ್ಮ ತರ್ಕ.

ಸ್ಕರ್ಟ್ ಎಂಬ ಮಾತು ನಮ್ಮ ಕೆರೆ ಏರಿಗೆ ಬರುವ ಹೊತ್ತಿಗೆ ಲಂಗವಾಯಿತು. ಸ್ಕರ್ಟ್ ಲಂಗವಾದ ಮೇಲೆ ಅದರಿಂದ ಇಳಿಬಿದ್ದ ಕುಣಿಕೆ ಲಾಡಿಯಾಯಿತು. ಮೇಲ್ವಿಚಾರಕರಿಂದ ಹಿಡಿದು ದೋಣಿ ತೊಳೆಯುವವರವರೆಗೆ ಎಲ್ಲರ ಬಾಯಲ್ಲೂ ಅದೇ. ಮಾನ್ಯರೇ, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಲಂಗದ ಲಾಡಿ ಹೊರಗೆ ಕಾಣುವುದೆಂದರೆ ಏನು ಎಂದು ನಿಮ್ಮ ಮನೆಯ ಹೆಂಗಸರನ್ನೇ ಕೇಳಿ ನೋಡಿ. ನಮ್ಮಮ್ಮ ವಿಶಾಲಮ್ಮ ನಮ್ಮಿಬ್ಬರನ್ನೂ ಶಾಲೆಗೆ ಕಳಿಸುವ ಮುಂಚೆ ಬಾಗಿಲಲ್ಲಿ ನಿಲ್ಲಿಸಿ, “ಲಾಡಿ ಒಳಿಕ್ ಸಿಕ್ಕುಸ್ಕಳ್ರೇ, ಮಾನ ಮರ್ವಾದೆ ಇಲ್ವಾ” ಎಂದು ತಲೆಗೊಂದು ಮೊಟಕುತ್ತಿದ್ದಳು. ಅಕ್ಷರಕ್ಕಿಂತ ಮುಂಚೆ ಕಲಿತ ಪಾಠ ಅದು.

ಮಾಲಿನಿ ಹಳೇಬೀಡಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಉದ್ಘಾಟನೆಯ ದಿನ ದೋಣಿಯಲ್ಲಿ ಹೆಂಗಸರು ಇರಲೇಬೇಕು, ಮಹಿಳಾ ಸಬಲೀಕರಣದ ಫೋಟೊ ಬೇಕು ಎಂದು ಶಾಲೆಗೆ ಹೇಳಿ ಕಳಿಸಿದವರು ನೀವು. ಶಿಕ್ಷಕಿಯರಲ್ಲಿ ಈಜು ಬರುತ್ತಿದ್ದದ್ದು ಅವಳೊಬ್ಬಳಿಗೇ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಅಪ್ಪನ ಜೊತೆ ಬಾವಿಗಿಳಿದು ಕಲಿತವಳು. ಇಂಥದ್ದಕ್ಕೆಲ್ಲ ಕುಣಿದುಕೊಂಡು ಮುಂದೆ ಬರುವ ಸ್ವಭಾವ ಬೇರೆ. ನಾನು ಏರಿಯ ಕೆಳಗೆ, ನೀರಿನ ಅಂಚಿನಲ್ಲಿ ಅವಳ ಚಪ್ಪಲಿ, ಚೀಲ ಹಿಡಿದು ನಿಂತಿದ್ದೆ. ತರಬೇತಿ ಕೊಟ್ಟಿದ್ದೇವೆ ಎಂದು ನಿಮ್ಮ ವರದಿಯಲ್ಲಿದೆ. ಹೌದು, ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ಎನ್ನುವಷ್ಟರಲ್ಲಿ ಅತಿಥಿಗಳ ಕಾರು ಬಂತು. ಮಗುಚಿದರೆ ಏನು ಮಾಡಬೇಕು ಎಂದು ಅವಳೇ ಕೇಳಿದಳು, ನಾನು ಕಿವಿಯಾರೆ ಕೇಳಿದ್ದೇನೆ. “ಲೈಫ್ ಜಾಕೆಟ್ ಐತಲ್ಲ ಮೇಡಂ, ಅದೇ ತೇಲುಸ್ತದೆ” ಎಂದು ಮೇಲ್ವಿಚಾರಕರು ನಕ್ಕರು. ಬಟ್ಟೆಯನ್ನು ಬಿಗಿದಾಯಿತು. ಮುಂದೆ ಕೆಂಪು ಕುಣಿಕೆ ಎದ್ದು ಕಾಣುತ್ತಿತ್ತು. ಕ್ಯಾಮೆರಾದವರು ಸಿದ್ಧರಾದಾಗ ಅದೇ ಮೇಲ್ವಿಚಾರಕರು ಸಂಕೋಚದಿಂದ ಮುಖ ಆಚೆ ತಿರುಗಿಸಿ, “ಮೇಡಂ, ಆ ಲಾಡಿ ಒಸಿ ಒಳಿಕ್ ಸಿಕ್ಕುಸ್ಕಳಿ. ಪೋಟೊದಲ್ಲಿ ಚೆಂದ ಕಾಣಕಿಲ್ಲ” ಎಂದರು. ಮಾಲಿನಿ ನಾಚಿಕೊಂಡು, ಒಂದು ಕ್ಷಣವೂ ಯೋಚಿಸದೆ, ಅದನ್ನು ಅಂಚಿನಡಿ ತುರುಕಿದಳು.

ದೋಣಿ ದಡ ಬಿಟ್ಟು ಆಳಕ್ಕೆ ಹೋದ ಮೇಲೆ ಫೋಟೊದವರು ಕೂಗಿದರು: “ಮೇಡಂ, ಎರಡೂ ಕೈಯಲ್ಲಿ ಹುಟ್ಟು ಮೇಲಕ್ಕೆತ್ತಿ, ಸ್ಮೈಲ್ ಮಾಡಿ!” ಇಂಥ ದೋಣಿಯಲ್ಲಿ ಹುಟ್ಟು ನೀರಿಗೆ ತಾಗಿದ್ದರೇನೇ ಆಸರೆ ಎಂದು ನನಗಾಗಲೀ ಅವಳಿಗಾಗಲೀ ಗೊತ್ತಿರಲಿಲ್ಲ. ಅವಳು ಎತ್ತಿದಳು, ನಕ್ಕಳು, ಮಗುಚಿದಳು. ಏರಿಯ ಮೇಲೆ ಚಪ್ಪಾಳೆ ಬಿತ್ತು, ಮಾನ್ಯರೇ. ಅದೂ ಆಟದಲ್ಲಿ ಸೇರಿದ್ದು ಎಂದು ಜನ ತಿಳಿದರು. ದೋಣಿಯ ಹೊಟ್ಟೆ ಬಿಸಿಲಿಗೆ ಹೊಳೆಯುತ್ತ ಅಲುಗಾಡಿತು, ಅಲುಗಾಡಿತು, ಆಮೇಲೆ ಅಲುಗಾಡಲಿಲ್ಲ. ಚಪ್ಪಾಳೆ ಯಾವಾಗ ನಿಂತಿತು ಎಂಬುದು ನನಗೆ ನೆನಪಿಲ್ಲ.

ಕಾಪಾಡುವ ದೋಣಿ ಎಲ್ಲಿತ್ತು? ಇರಲಿಲ್ಲ. ಆ ಕೆರೆಯಲ್ಲಿ ಮೀನು ಹಿಡಿಯುವ ಸಣ್ಣಯ್ಯನ ತೆಪ್ಪ ದಿನವೂ ದಡದಲ್ಲಿರುತ್ತಿತ್ತು. ಹಳೇ ತೆಪ್ಪ ಫೋಟೊದಲ್ಲಿ ಬಂದರೆ ಅಸಹ್ಯ ಎಂದು ಹಿಂದಿನ ದಿನವೇ ಅದನ್ನು ಏರಿಯ ಆಚೆಗೆ ಹೊರಿಸಿ ಹಾಕಿಸಿದ್ದಿರಿ. ಸಣ್ಣಯ್ಯ ಈಜಿಕೊಂಡೇ ಹೋದ. ದೋಣಿಯನ್ನು ತಿರುಗಿಸಲು ನೋಡಿದ, ಒಬ್ಬನ ಕೈಲಿ ಆಗಲಿಲ್ಲ. ಹಾಗೇ ಎಳೆದುಕೊಂಡು ದಡಕ್ಕೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಮೇಷ್ಟ್ರಮ್ಮನ ಕೈ ಎರಡೂ ಆ ಬಟ್ಟೆ ಮ್ಯಾಲೇ ಇದ್ವು ಕಣವ್ವಾ. ಕೆರ್ದು ಕೆರ್ದು ಉಗುರೆಲ್ಲ ಕಿತ್ತೋಗಿದ್ವು. ಹಿಡ್ಕಳಕೆ ಏನೂ ಸಿಕ್ಕಿಲ್ಲ” ಎಂದು ಅವನು ನನ್ನ ಮುಂದೆ ಕುಕ್ಕರಿಸಿ ಅತ್ತ. ಜಾಕೆಟ್ ಅವಳನ್ನು ತೇಲಿಸಿದ್ದು ನಿಜ. ಕೆಳಗೆ ಸಿಕ್ಕಿಕೊಂಡವಳನ್ನು ಮಗುಚಿದ ದೋಣಿಯೊಳಕ್ಕೇ ಒತ್ತಿ ತೇಲಿಸಿತು.

ನಿಮ್ಮ ವರದಿ ಹೇಳುತ್ತದೆ: ‘ಮೃತರು ಸುರಕ್ಷತಾ ಕುಣಿಕೆಯನ್ನು ಸ್ವತಃ ಒಳಗೆ ಸೇರಿಸಿಕೊಂಡಿರುವುದು ಕಂಡುಬಂದಿರುತ್ತದೆ.’ ಎಷ್ಟು ಅಚ್ಚುಕಟ್ಟಾದ ವಾಕ್ಯ! ಸೇರಿಸಿಕೊಂಡ ಕೈ ಅವಳದ್ದೇ. ಸೇರಿಸಿಕೊಳ್ಳಿ ಎಂದ ಬಾಯಿ ಯಾರದು? ಅದು ಲಾಡಿಯಲ್ಲ, ಪ್ರಾಣ ಎಂದು ಮುಂಚೆಯೇ ಹೇಳಬೇಕಾಗಿದ್ದ ಹೊಣೆ ಯಾರದು? ಮೇಲ್ವಿಚಾರಕರ ಮೇಲೂ ನನಗೆ ಪೂರ್ತಿ ಸಿಟ್ಟು ಬರುತ್ತಿಲ್ಲ. ಅವರೂ ನಮ್ಮ ಪಕ್ಕದ ಗಂಡಸಿ ಊರಿನ ಕಡೆಯವರು, ಅಕ್ಕತಂಗಿಯರ ಜೊತೆ ಬೆಳೆದವರು, ಹೆಣ್ಣುಮಗಳ ಮರ್ಯಾದೆ ಉಳಿಸಿದೆ ಎಂದುಕೊಂಡಿದ್ದರು. ನೀವು ಅವರಿಗೆ ಟೀ ಶರ್ಟ್ ಕೊಟ್ಟಿರಿ, ಟೋಪಿ ಕೊಟ್ಟಿರಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿದಿರಿ. ಆ ಕುಣಿಕೆ ಯಾತಕ್ಕಿದೆ ಎಂಬುದನ್ನು ಮಾತ್ರ ಕಲಿಸಲಿಲ್ಲ. ರೈಲಿನಲ್ಲಿ ಅಪಾಯದ ಚೈನು ಚೆಂದ ಕಾಣುವುದಿಲ್ಲ ಎಂದು ಅದರ ಮೇಲೆ ಹಲಗೆ ಹೊಡೆಸಿ, ಅಪಘಾತವಾದ ಮೇಲೆ ಪ್ರಯಾಣಿಕರು ಚೈನು ಎಳೆಯಲಿಲ್ಲ ಎಂದು ನಮ್ಮ ಇಲಾಖೆ ಬರೆದರೆ ನೀವು ಸುಮ್ಮನಿರುತ್ತಿದ್ದಿರಾ?

ಇದೆಲ್ಲ ನಿನಗೆ ಹೇಗೆ ಗೊತ್ತು, ಟಿಕೆಟ್ ಹರಿಯುವವಳಿಗೆ ಕಯಾಕ್ ಏನು ಗೊತ್ತು ಎಂದು ನಿಮ್ಮ ಕಚೇರಿಯ ಒಬ್ಬರು ನನ್ನನ್ನು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ರಜೆ ಹಾಕಿ ಉಡುಪಿಯ ಕಡೆ ಹೋದೆ. ಅಲ್ಲಿ ಈ ದೋಣಿ ಕಲಿಸುವ ಸೌಂದರ್ಯ ಎಂಬ ಹೆಣ್ಣುಮಗಳು ನನ್ನಂಥ ನೀರು ಕಂಡರೆ ಹೆದರುವವಳನ್ನೂ ಸೇರಿಸಿಕೊಂಡಳು. ಬೆಳಗಿನಿಂದ ಮರಳ ಮೇಲೇ ಪಾಠ. ಪಾದಕ್ಕೆ ಆಸರೆ ಸಿಗುವಂತೆ ದೋಣಿಯೊಳಗಿನ ಮೆಟ್ಟುಹಲಗೆಯನ್ನು ನಮ್ಮ ಕಾಲಿನ ಅಳತೆಗೆ ಸರಿಸಿಕೊಳ್ಳಬೇಕು. ಜಾಕೆಟ್ಟನ್ನು ಭುಜದಲ್ಲಿ ಹಿಡಿದೆತ್ತಿದರೆ ಕಿವಿಯವರೆಗೆ ಬರಬಾರದು, ಬಂದರೆ ಸಡಿಲ. ದೋಣಿಯ ಹಿಂದೆ ಮುಂದೆ ಇರುವ ಮುಚ್ಚಳಗಳು ಕಚ್ಚಿ ಕೂತಿರಬೇಕು, ಇಲ್ಲದಿದ್ದರೆ ಅಲ್ಲಿಂದ ನೀರು ತುಂಬುತ್ತದೆ. ಸೀಟಿ ಎದೆಯ ಮೇಲಿರಬೇಕು, ಚೀಲದಲ್ಲಲ್ಲ. ಕೈಚಾಚಿದರೆ ಸಿಗುವಷ್ಟು ಹತ್ತಿರ ಇನ್ನೊಂದು ದೋಣಿ ಇರಬೇಕು. ಕೊನೆಗೆ ಆ ಬಟ್ಟೆ ಬಿಗಿದು ಹೇಳಿದಳು: “ಅಕ್ಕ, ಕುಣಿಕೆ ಹೊರಗುಂಟಾ ಅಂತ ಮುಟ್ಟಿ ನೋಡಿ, ಬಾಯಿಬಿಟ್ಟು ಹೇಳಿ. ನೀವು ಹೇಳದೆ ನಾನು ದೋಣಿ ಬಿಡ್ಲಿಕ್ಕಿಲ್ಲ ಮಾರಾಯ್ರೆ.” ಮುಟ್ಟಿದೆ. ಹೊರಗಿದೆ ಎಂದೆ. ಇನ್ನೊಮ್ಮೆ ಮುಟ್ಟಿ ನೋಡಿದೆ.

ಸೊಂಟಮಟ್ಟದ ನೀರಿನಲ್ಲಿ, ಅವಳು ಪಕ್ಕದಲ್ಲೇ ನಿಂತಿರುವಾಗ, ದೋಣಿಯನ್ನು ಮಗುಚಿಸಿಕೊಂಡೆ. ಮೂಗಿಗೆ ಉಪ್ಪುನೀರು ನುಗ್ಗಿತು. ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ. ಹೇಳಿಕೊಟ್ಟಂತೆ ಮುಂದಕ್ಕೆ ಬಗ್ಗಿದೆ, ಅಂಚಿನಗುಂಟ ಕೈಯಾಡಿಸಿದೆ, ಕುಣಿಕೆ ಸಿಕ್ಕಿತು, ಮುಂದಕ್ಕೆ ಎಳೆದೆ. ಹೊರಗೆ ಬಂದು ಉಸಿರೆಳೆದುಕೊಂಡು ಜೋರಾಗಿ ಅತ್ತೆ. ಅಷ್ಟು ಸುಲಭ ಮಾನ್ಯರೇ, ನನ್ನಂಥ ಈಜು ಬಾರದವಳ ಕೈಲೂ ಆಗುವಷ್ಟು. ಆಮೇಲೆ ನಾನು ಸೌಂದರ್ಯಳನ್ನು ಕೇಳಿದೆ: ಒಮ್ಮೆ ಅದನ್ನು ಒಳಗೆ ತುರುಕಿ ಮಗುಚಿಸಮ್ಮ, ನನ್ನ ತಂಗಿಗೆ ಏನಾಯಿತು ಎಂದು ನನಗೆ ಗೊತ್ತಾಗಬೇಕು. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. “ಅದೊಂದು ಕೇಳ್ಬೇಡಿ ಅಕ್ಕ. ಅದು ನಾನು ಯಾರಿಗೂ ಮಾಡ್ಲಿಕ್ಕಿಲ್ಲ.”

ಈಗ ನನ್ನ ಬೇಡಿಕೆ. ಕಡಲ ದೋಣಿಗಳನ್ನು ಕಡಲಿಗೆ ಕಳಿಸಿ. ಕೆರೆಗೆ ಅಗಲವಾದ, ಮೇಲೆ ತೆರೆದಿರುವ, ಸೊಂಟಕ್ಕೆ ಏನನ್ನೂ ಬಿಗಿಯದ ದೋಣಿಗಳು ಸಾಕು. ಮಗುಚುವುದನ್ನು ಕಲಿಸದೆ ಯಾರನ್ನೂ ನೀರಿಗೆ ಬಿಡಬೇಡಿ. ಸಣ್ಣಯ್ಯನ ತೆಪ್ಪ ನೀರಿನ ಮೇಲಿರಲಿ, ಫೋಟೊ ಕೆಟ್ಟರೆ ಕೆಡಲಿ. ನೀರಿನೊಳಗೆ ಮುಳುಗಿದ್ದು ದೋಣಿಗೆ ತಗಲುವ ಜಾಲಿ ಮರದ ಬೊಡ್ಡೆಗಳನ್ನೂ ಕೀಳಿಸಿ, ಅವುಗಳ ಬಗ್ಗೆ ನಿಮ್ಮ ವರದಿಯಲ್ಲಿ ಒಂದಕ್ಷರವೂ ಇಲ್ಲ. ಇಷ್ಟು ಆಗುವವರೆಗೆ ಕೆಂಚಸಮುದ್ರಕ್ಕೆ ರಿಬ್ಬನ್ ಕಟ್ಟಬೇಡಿ. ‘ಸ್ವಯಂಕೃತ ನಿರ್ಲಕ್ಷ್ಯ’ ಎಂಬುದನ್ನು ಹೊಡೆದುಹಾಕಿ, ಕುಣಿಕೆಯನ್ನು ಒಳಗಿಡಲು ನಮ್ಮ ಸಿಬ್ಬಂದಿಯೇ ಹೇಳಿದರು, ಅವರಿಗೆ ನಾವು ಕಲಿಸಿರಲಿಲ್ಲ ಎಂದು ಬರೆಯಿರಿ.

ಬರೆದರೆ ಸತ್ತವಳು ಬರುತ್ತಾಳೆಯೇ ಎಂದು ನಿಮ್ಮವರು ಕೇಳುತ್ತಾರೆ. ಬರುವುದಿಲ್ಲ. ಆದರೆ ಇನ್ನೊಬ್ಬಳು ಇದ್ದಾಳೆ. ನಿಮ್ಮ ವರದಿಯ ಸಾರ ಪತ್ರಿಕೆಯಲ್ಲಿ ಬಂದ ದಿನ ಪಕ್ಕದ ಮನೆಯವರು ಅದನ್ನು ನಮ್ಮಮ್ಮನಿಗೆ ಓದಿ ಹೇಳಿದರು. ಅವತ್ತಿನಿಂದ ಅವಳದ್ದು ಒಂದೇ ಮಾತು: “ನಾನೇ ಕಣೇ ಲತಾ ಕಲ್ಸಿದ್ದು. ಒಳಿಕ್ ಸಿಕ್ಕುಸ್ಕಳೇ ಅಂತ ಮೊಟ್ಕಿ ಮೊಟ್ಕಿ ಕಲ್ಸಿದ್ನಲ್ಲ. ನನ್ ಮಾತ್ ಕೇಳೇ ಹೋದ್ಲು ಮಗ.” ಹಾಗಲ್ಲ ಅಮ್ಮ ಎಂದು ನಾನು ಎಷ್ಟು ಹೇಳಿದರೂ, “ಸರ್ಕಾರ್ದೋರೇ ಬರ್ದವ್ರಲ್ಲ, ಅವಳೇ ಸಿಕ್ಕುಸ್ಕಂಡ್ಲು ಅಂತ” ಎನ್ನುತ್ತಾಳೆ. ಅಚ್ಚಾದದ್ದನ್ನು ನಂಬುವ ಹೆಂಗಸು. ಅನ್ನದ ತಟ್ಟೆ ಮುಂದಿಟ್ಟರೆ ಹಾಗೇ ಎದ್ದು ಹೋಗುತ್ತಾಳೆ. ತಂಗಿಯನ್ನು ಕಳೆದುಕೊಂಡಾಯಿತು, ನಿಮ್ಮ ಒಂದು ವಾಕ್ಯಕ್ಕೆ ಅಮ್ಮನನ್ನೂ ಕಳೆದುಕೊಳ್ಳಲು ನಾನು ತಯಾರಿಲ್ಲ.

ಆದ್ದರಿಂದ ನೀವು ನಮ್ಮ ಮನೆಗೆ ಬರಬೇಕು. ಹಾರ ತುರಾಯಿ ಬೇಡ, ಜೊತೆಗೆ ಕ್ಯಾಮೆರಾದವರು ಬೇಡ. ವಿಶಾಲಮ್ಮನ ಮುಂದೆ ಕೂತು, “ತಪ್ಪು ನಿಮ್ಮದಲ್ಲ ಕಣಮ್ಮ, ನಿಮ್ಮ ಮಗಳದ್ದೂ ಅಲ್ಲ, ನಮ್ಮದು” ಎಂದು ಹೇಳಬೇಕು. ಅವಳಿಗೆ ಕಿವಿ ಸ್ವಲ್ಪ ಮಂದ. ಗಟ್ಟಿಯಾಗಿ ಹೇಳಬೇಕಾಗುತ್ತದೆ. ಬೀದಿಗೆಲ್ಲ ಕೇಳಿಸಿದರೂ ಪರವಾಗಿಲ್ಲ.

ಇಂತಿ,
ನಿಮ್ಮ ವರದಿಯಲ್ಲಿ ‘ಮೃತರ ಸಂಬಂಧಿ’ ಎಂದಷ್ಟೇ ನಮೂದಾಗಿರುವ,
ಮಾಲಿನಿಯ ಅಕ್ಕ ಲತಾಮಣಿ
ಅರಸೀಕೆರೆ