ಜೋಲಿಯಸ್‌ನ ಒಣ ಬಾಯಿಗೆ ಒಂದು ಹುಂಜ

ಜೋಲಿಯಸ್,

ಎದ್ದ ಕೂಡಲೇ ನೀರು ಕುಡಿ. ತಪೈ ಹೆಂಡದ ಜಾಡಿ ಮುಟ್ಟಿದರೆ ಕೈ ಮುರಿತೀನಿ. ಆ ವೇಪ್, ಹೊಗೆ ಎಳೆಯೋ ಕರೆಂಟ್ ಸಿಗರೇಟು, ಎಳೆದು ಬಾಯಿ ಒಣಗಿತು ಅಂತ ನಿನ್ನೆ ಹೆಂಡಾನೇ ಕುಡಿದು, ‘ವೇಪಿಗೆ ವಿಷ ಹಾಕಿ ಮಾರಿದೀಯ’ ಅಂತ ಅದನ್ನ ಮಾರಿದ ಅಂಗಡಿ ಗುಂಬಿಲಿಯ ಹಲ್ಲು ಉದುರಿಸಿ ಬಂದೆಯಲ್ಲ. ವಿಷ ಅಲ್ಲ ಕಣೋ. ವೇಪ್ ರಸದಲ್ಲಿ ಬಾಯಿ ಒಣಗಿಸೋ ಪ್ರೊಪಿಲೀನ್ ಗ್ಲೈಕಾಲ್ ಇರುತ್ತೆ, ಅದು ನಿನ್ನ ಮೈಗೆ ಆಗಲ್ಲ. ಗಂಟಲು ಕೆರೆದಾಗ ‘ಅದು ಕಡಿಮೆ ಇರೋದು ತಗೋ’ ಅಂದವನೂ ಅವನೇ.

ವೇಪನ್ನ ಮಚ್ಚಲ್ಲಿ ಕೊಚ್ಚಿ ಹಾಕಿದೀನಿ, ಹುಡುಕಬೇಡ.

ನಿನ್ನ ತುಟಿ ಒಡೆದಿದೆ. ಒಲೆ ಮೇಲೆ ಗಂಜಿ ಇದೆ, ಆರಿಸಿಕೊಂಡು ಕುಡಿ.

ಗುಂಬಿಲಿಯ ಅಣ್ಣಂದಿರು ಕತ್ತಿ ಮಸೀತಿದಾರೆ. ರಕ್ತ ಬಿದ್ದ ಮನೆಗೆ ಸೊಗಿತ್, ಅಂದ್ರೆ ತಪ್ಪಿಗೆ ದಂಡವಾಗಿ ಒಂದು ಪ್ರಾಣಿ, ಕೊಡದೆ ಅವರ ಸಿಟ್ಟು ತಣಿಯಲ್ಲ. ಅದಕ್ಕೇ ಅಮ್ಮನ ಕೆಂಪು ಹುಂಜ ಹಿಡ್ಕೊಂಡು ಹೊರಟೆ. ಗೂಡಲ್ಲಿ ಇನ್ನು ಕೋಳಿ ಇಲ್ಲ. ಮತ್ತೆ ಕೈ ಎತ್ತಿದರೆ ನಿನ್ನನ್ನೇ ಕಾಲು ಕಟ್ಟಿ, ತಲೆಕೆಳಗಾಗಿ ಹೊತ್ಕೊಂಡು ಹೋಗಿ ಕೊಡ್ತೀನಿ.

ಅಕ್ಕ ಲೋಜಿನಾ